ಬಸುರಿ ಮೀನಿಗೆ ಇಟ್ಟ ಹೆಸರು

ಬೊಲುಕಾಳ ಬಾಯಿ ಇಯೊಂಬೆ ಹಳ್ಳದ ಆಚೆ ದಡಕ್ಕೂ ಕೇಳಿಸುತ್ತಿತ್ತು. ನೀರಿಳಿದ ತಿಂಗಳುಗಳಲ್ಲಿ ಬೊಕೆಲಾ ಊರಿನ ಹೆಂಗಸರು ಬುಟ್ಟಿ ಹೊತ್ತು ಕಾಡಿನೊಳಗಿನ ಈ ಹಳ್ಳಕ್ಕೆ ಇಳಿಯುತ್ತಿದ್ದುದು ಅವಳ ಹಿಂದೆಯೇ. ದೊಡ್ಡ ಹೊಳೆ, ದೋಣಿ, ಬಲೆ ಎಲ್ಲ ಗಂಡಸರದು. ಕಾಡಿನ ಹಳ್ಳ ಹೆಂಗಸರದು. ಮಣ್ಣು, ಕೊಂಬೆ, ಎಲೆ ತುರುಕಿ ಎರಡು ಕಡೆ ಒಡ್ಡು ಕಟ್ಟಬೇಕು, ನಡುವೆ ಸಿಕ್ಕಿಬಿದ್ದ ನೀರನ್ನು ಬುಟ್ಟಿಯಿಂದ ಎತ್ತಿ ಎತ್ತಿ ಆಚೆ ಚೆಲ್ಲಬೇಕು, ತಳದ ಕೆಸರು ಕಾಣಿಸಿದ ಮೇಲೆ ಮೊಣಕಾಲೂರಿ ಕೈಯಿಂದ ತಡಕಬೇಕು. ಸೊಂಟ ಮುರಿಯುವ ಕೆಲಸ. ಯಾರಾದರೂ ಕೈ ನಿಧಾನ ಮಾಡಿದರೆ ಬೊಲುಕಾ ಶುರು ಮಾಡುತ್ತಿದ್ದಳು.

"ಏನೇ, ನೀರೆತ್ತೋಕೆ ಬಂದಿದೀಯೋ ಮುಖ ತೊಳಕೊಳ್ಳೋಕೆ ಬಂದಿದೀಯೋ? ಗಂಡನ ಮುಂದೆ ಕುಣಿಯೋವಾಗ ಸೊಂಟ ಚೆನ್ನಾಗೇ ಬಗ್ಗುತ್ತಲ್ಲ."

ಬೈಸಿಕೊಂಡವಳೂ ನಗುತ್ತಿದ್ದಳು. ಯಾಕೆಂದರೆ ಸಂಜೆ ಮೀನು ಹಂಚುವಾಗ ಬೊಲುಕಾ ಯಾರ ಪಾಲಿಗೂ ಕೈ ಹಾಕಿದವಳಲ್ಲ. ಗಂಡನಿಲ್ಲದವಳು, ಎಳೆ ಕೂಸಿನ ತಾಯಿ, ಕಣ್ಣು ಮಂಜಾದ ಮುದುಕಿ, ಇವರ ಬುಟ್ಟಿ ಮೊದಲು ತುಂಬುತ್ತಿತ್ತು. ಆಮೇಲೆ ಉಳಿದವರದು, ಕೊನೆಗೆ ತನ್ನದು.

ಅವಳ ಬದುಕಿನಲ್ಲಿ ಹೇಳಿಕೊಳ್ಳುವಂಥದ್ದು ಹೆಚ್ಚೇನಿಲ್ಲ. ಹೊಳೆಯ ಕೆಳಗಿನ ಊರಿನಿಂದ ಮದುವೆಯಾಗಿ ಬಂದಳು. ಗಂಡ ತಾಳೆಮರ ಹತ್ತಿ ಹೆಂಡ ಇಳಿಸುವವನು, ಒಂದು ದಿನ ಮೇಲಿಂದ ಬಿದ್ದು ತೀರಿಹೋದ. ಉಳಿದದ್ದು ಒಬ್ಬಳೇ ಮಗಳು, ಇಫಾಸೊ. ತಾಯಿಯ ಕೈ ಮಗಳಿಗೂ ಬಂದಿತ್ತು. ಕೆಸರಲ್ಲಿ ಬೆರಳಾಡಿಸಿ, ಇದು ಮುಳ್ಳಿನ ಮೀನು, ಇದು ಬರೀ ಬೇರು ಅಂತ ನೋಡದೆಯೇ ಹೇಳುತ್ತಿದ್ದಳು. ತಾಯಿ ಬೈದರೆ ತಿರುಗಿ ಬೈಯುತ್ತಿದ್ದಳು. ಹಳ್ಳದಲ್ಲಿ ಇವರಿಬ್ಬರ ಜಗಳ ಕೇಳುವುದಕ್ಕೇ ಹೆಂಗಸರು ಬೇಗ ಬರುತ್ತಿದ್ದರು.

ಊರಿನಲ್ಲೇ ಮದುವೆಯಾಗಿದ್ದ ಆ ಹುಡುಗಿ ಚೊಚ್ಚಲ ಹೆರಿಗೆಯಲ್ಲಿ ಸತ್ತಳು. ಮಗು ಹೊರಗೆ ಬರಲಿಲ್ಲ. ದೋಣಿಯಲ್ಲಿ ಮಲಗಿಸಿ ಬೊಯೆಂಡೆಯ ಆಸ್ಪತ್ರೆಗೆ ಹೊರಟರು, ಹೊಳೆಯ ಎರಡನೇ ತಿರುವಿನಲ್ಲಿ ಉಸಿರು ನಿಂತಿತು. ಹುಟ್ಟು ಹಾಕುತ್ತಿದ್ದವರು ದೋಣಿ ತಿರುಗಿಸಿದರು. ಬೊಲುಕಾ ಮಾತ್ರ ಮುಂದೆ ಹೋಗಿ, ಮುಂದೆ ಹೋಗಿ ಅಂತ ಬೈಯುತ್ತಲೇ ಇದ್ದಳು.

ಸಾವು ಎಲ್ಲರ ಮನೆಗೂ ಬರುತ್ತೆ, ಅದನ್ನು ತಡೆದುಕೊಳ್ಳಬಹುದು. ಇದಕ್ಕೆ ಬಾಲದ ಹಾಗೆ ಇನ್ನೊಂದು ಅಂಟಿಕೊಂಡಿತ್ತು. ಬೊಕೆಲಾದಲ್ಲಿ ಸತ್ತವರ ಹೆಸರನ್ನು ಹುಟ್ಟಿದ ಕೂಸಿಗೆ ಇಡುತ್ತಾರೆ. ಹೆಸರು ಹೊತ್ತ ಕೂಸು ಸತ್ತವಳ ಜಾಗದಲ್ಲೇ ಕೂರುತ್ತದೆ. ಸತ್ತವಳ ತಾಯಿ ಅದನ್ನು ಮಗಳೇ ಅನ್ನುತ್ತಾಳೆ, ಅದೂ ಅವಳನ್ನು ಅಮ್ಮ ಅನ್ನುತ್ತದೆ, ಮುಪ್ಪಿನಲ್ಲಿ ಒಂದು ಬುಟ್ಟಿ ಸೌದೆ ತಂದು ಹಾಕುತ್ತದೆ. ಆದರೆ ಹೊಟ್ಟೆಯಲ್ಲಿ ಮಗು ಇಟ್ಟುಕೊಂಡೇ ಹೋದವಳ ಹೆಸರು ಭಾರದ ಹೆಸರು. ಅದನ್ನು ಕೂಸಿನ ಮೇಲೆ ಹೊರಿಸಿದರೆ ಕೂಸೂ ಅದೇ ದಾರಿ ಹಿಡಿಯುತ್ತದಂತೆ. ಮೊದಲು ಒಂದು ಪ್ರಾಣಿಗೆ ಇಟ್ಟು ನೋಡಬೇಕು. ಆ ಪ್ರಾಣಿ ಒಂದು ನೆರೆ ಏರಿ ಇಳಿಯುವವರೆಗೆ ಬದುಕಿದ್ದರೆ ಭಾರ ಇಳಿಯಿತು, ಹೆಸರು ಶುದ್ಧ. ಸತ್ತರೆ ಆ ಜಾತಿಯ ಪ್ರಾಣಿ ಮತ್ತೆ ಆಗದು. ಎರಡನೇ ಸಲವೂ ಸತ್ತರೆ ಆ ಹೆಸರನ್ನು ಯಾರೂ ಎತ್ತುವ ಹಾಗಿಲ್ಲ.

ಬೊಲುಕಾ ನಾಯಿಮರಿಗೆ ಇಟ್ಟಳು. ಅದಕ್ಕೆ ತಾನು ತಿನ್ನುವ ಮೀನು ತಿನ್ನಿಸಿದಳು, ಮಳೆ ಬಂದರೆ ಒಳಗೆ ಮಲಗಿಸಿದಳು. "ಇಫಾಸೊ, ಬಾ ಇಲ್ಲಿ," ಅಂತ ಅಂಗಳದಲ್ಲಿ ನಿಂತು ಕರೆಯುವಾಗ ಅವಳ ದನಿ ಕೇಳಿದವರು ಬೇರೆ ಕಡೆ ನೋಡುತ್ತಿದ್ದರು. ನೆರೆ ಇಳಿಯುವ ಮೊದಲೇ ಸೌದೆ ರಾಶಿಯ ಕೆಳಗಿದ್ದ ಹಾವು ಕಚ್ಚಿತು.

ಗಂಡನ ತಂಗಿ ಎಕಿಲಾ ಬಂದು ನಾಯಿಯನ್ನು ಹೂಳಲು ಗುಂಡಿ ತೋಡಿದಳು. ಮನೆತನದ ಹೆಂಗಸರ ವಿಷಯದಲ್ಲಿ ಕೊನೆಯ ಮಾತು ಎಕಿಲಾಳದು. ನಾಲಿಗೆ ಚೂರಿ, ಆದರೆ ಗುಂಡಿ ತೋಡುವಂಥ ಕೆಲಸಕ್ಕೂ ಎಲ್ಲರಿಗಿಂತ ಮೊದಲು ಬರುವವಳು ಅವಳೇ.

"ಅತ್ತಿಗೆ, ಇನ್ನೊಂದೇ ಸಲ ಉಳಿದಿರೋದು. ಹಾಳು ಮಾಡ್ಕೋಬೇಡ. ಕೋಳಿ ಗೀಳಿ ಅಂತ ತರಬೇಡ, ನಿನ್ನ ಅಳಿಯನೇ ಕದ್ದು ತಿಂದಾನು."

"ಆಡು?"

"ಆಡು ಚಿರತೆ ಪಾಲು. ಸುಮ್ನಿರು. ಗಟ್ಟಿ ಪ್ರಾಣಿ ಸಿಗೋವರೆಗೂ ಕಾಯಿ."

ಬೊಲುಕಾ ಕಾದಳು. ಮನೆತನದಲ್ಲಿ ಹೆಣ್ಣು ಕೂಸು ಹುಟ್ಟಿದಾಗಲೆಲ್ಲ ಬೇರೆಯವರ ಹೆಸರು ಕೇಳಿಸಿಕೊಂಡು, ಬಾಣಂತಿಗೆ ಮೈಗೆ ಹಚ್ಚುವ ಕೆಂಪು ಮರದ ಪುಡಿ ಕೊಟ್ಟು ಮನೆಗೆ ಬರುತ್ತಿದ್ದಳು. ಆ ದಿನಗಳಲ್ಲಿ ಹಳ್ಳದಲ್ಲಿ ಅವಳ ಬೈಗುಳದ ರುಚಿ ಕೆಟ್ಟಿತ್ತು. ಮೊದಲು ನಗಿಸುತ್ತಿದ್ದ ಮಾತು ಈಗ ಚುಚ್ಚುತ್ತಿತ್ತು.

ಹೀಗಿರುವಾಗ ಚಿಬೋಲಾ ಬಂದಳು.

ಕಿಸಂಗಾನಿ ಪೇಟೆಯ ಕಾಲೇಜಿನಲ್ಲಿ ಮೀನಿನ ವಿದ್ಯೆ ಕಲಿತು ಡಾಕ್ಟರಾಗಿ, ಈಗ ಅಲ್ಲೇ ಕಲಿಸುವವಳು. ಹುಟ್ಟಿದ್ದು ದೂರದ ಕಸಾಯಿ ಕಡೆ, ಬೆಳೆದದ್ದು ಪೇಟೆಯಲ್ಲಿ. ಒಳ್ಳೆ ಹುಡುಗಿ, ಅದನ್ನು ಮೊದಲೇ ಹೇಳಿಬಿಡಬೇಕು. ಕೆಟ್ಟವಳಾಗಿದ್ದರೆ ಅವಳ ಮೇಲೆ ಒಂದು ಬಾಯಿ ಉಗಿದು ಈ ಕಥೆ ಮುಗಿಸಬಹುದಿತ್ತು. ಹೆಂಗಸರ ಜೊತೆ ಕೆಸರಿಗಿಳಿದು ನೀರು ಎತ್ತಿದಳು, ಅಂಗೈ ಬೊಬ್ಬೆ ಎದ್ದರೂ ಬಿಡಲಿಲ್ಲ. ಅವಳಿಗೆ ಬೇಕಾಗಿದ್ದದ್ದು ಸೊಂಡಿಲು ಮೀನು. ಬೆರಳುದ್ದದಿಂದ ಗೇಣುದ್ದದವರೆಗಿನ ಕಂದು ಮೀನು, ಮೂತಿ ಕೆಳಗೆ ಇಳಿಬಿದ್ದದ್ದು, ಬೇರಿನ ಸಂದಿಯಲ್ಲಿ ಅವಿತಿರುವಂಥದ್ದು. ಎಲೆಯಲ್ಲಿ ಸುತ್ತಿ ಕೆಂಡದಲ್ಲಿಟ್ಟರೆ ಚೆನ್ನಾಗಿ ಬೇಯುತ್ತದೆ.

ಬೊಲುಕಾಳ ಮನೆಯ ಜಗಲಿಯಲ್ಲಿ ಬಕೆಟ್ಟುಗಳನ್ನು ಸಾಲಾಗಿ ಇಟ್ಟು, ಒಂದೊಂದರಲ್ಲಿ ಒಂದೊಂದು ಮೀನು ಬಿಟ್ಟು, ನೀರಿಗೆ ಎರಡು ತಂತಿ ಇಳಿಬಿಟ್ಟಳು. ತಂತಿಯ ತುದಿಗೆ ಪುಟ್ಟ ಪೆಟ್ಟಿಗೆ. ಪೆಟ್ಟಿಗೆ ಟಕ್ ಟಕ್ ಅಂದಿತು.

"ಈ ಮೀನು ಮೈಯಿಂದ ಸಣ್ಣ ಕರೆಂಟು ಬಿಡುತ್ತಮ್ಮ. ನಮ್ಮ ಕೈಗೆ ಗೊತ್ತಾಗಲ್ಲ. ಕೆಸರು ನೀರಲ್ಲಿ ಅದು ದಾರಿ ಹುಡುಕೋದು, ತನ್ನೋರು ಯಾರು ಅಂತ ಗುರುತು ಹಿಡಿಯೋದು, ಎಲ್ಲ ಅದರಿಂದಲೇ. ಈ ಪೆಟ್ಟಿಗೆ ಆ ಕರೆಂಟನ್ನ ಸದ್ದು ಮಾಡಿ ಕೇಳಿಸುತ್ತೆ."

"ನಮ್ಮೂರಿಗೇ ಕರೆಂಟಿಲ್ಲ, ಮೀನಿಗೆ ಕೊಟ್ಟಿದಾರಂತೆ ನೋಡಿ," ಅಂದಳು ಎಕಿಲಾ. "ಅದೂ ಸರ್ಕಾರದ ಕಡೆಯೋರೇ ಇರಬೇಕು."

ಚಿಬೋಲಾ ನಗುತ್ತ ಮುಂದಿನ ಬಕೆಟ್ಟಿಗೆ ತಂತಿ ಇಳಿಸಿದಳು. ಅಲ್ಲಿ ಸದ್ದು ಬೇರೆ. ಟಕ್ ಟಕ್ ಅಲ್ಲ, ಕಾದ ತಾಳೆಣ್ಣೆಗೆ ಸೊಪ್ಪು ಹಾಕಿದ ಹಾಗೆ ಚರ್‍ ಅಂತ. ಅವಳ ನಗು ನಿಂತಿತು. ಮೀನನ್ನು ಕೈಯಲ್ಲಿ ಎತ್ತಿ ನೋಡಿದಳು, ಮೊದಲನೆಯದನ್ನೂ ಎತ್ತಿ ನೋಡಿದಳು. ಮೂತಿ ಒಂದೇ, ಬಾಲ ಒಂದೇ, ಬಣ್ಣ ಒಂದೇ. ಪೆಟ್ಟಿಗೆಯ ಪುಟ್ಟ ತೆರೆಯ ಮೇಲೆ ಮೂಡಿದ ಕರೆಂಟಿನ ಗೆರೆ ಮಾತ್ರ ಬೇರೆ ಬೇರೆ. ಆಮೇಲೆ ಎಷ್ಟೋ ದಿನ ಅವಳಿಗೆ ಅದೇ ಕೆಲಸ. ರೆಕ್ಕೆಯ ಮುಳ್ಳೆಣಿಸುವುದು, ಹುರುಪೆ ಎಣಿಸುವುದು, ತನಗಿಂತ ಮೊದಲು ಬೇರೆಯವರು ಹಿಡಿದ ಸದ್ದುಗಳ ಜೊತೆ ಹೋಲಿಸುವುದು. ಕೊನೆಗೊಂದು ಮಧ್ಯಾಹ್ನ ಜಗಲಿಯಿಂದ ಎದ್ದು ಬಂದಳು.

"ಅಮ್ಮಾ, ಇದು ಬೇರೆ ಜಾತಿ. ಲೋಕದಲ್ಲಿ ಇದುವರೆಗೂ ಯಾರೂ ಗುರುತಿಸಿಲ್ಲ. ನಿಮ್ಮ ಹಳ್ಳದಲ್ಲಿದೆ."

"ನಾನು ಹುಟ್ಟಿದಾಗಿಂದ ಎರಡನ್ನೂ ಒಂದೇ ಎಲೇಲಿ ಸುತ್ತಿ ಬೇಯಿಸಿದೀನಿ," ಅಂದಳು ಬೊಲುಕಾ ಸೊಪ್ಪು ಕುಟ್ಟುತ್ತ. "ಬೇರೆ ಅಂತ ನನಗೂ ಗೊತ್ತಾಗಲಿಲ್ಲ, ನಾಲಿಗೆಗೂ ಗೊತ್ತಾಗಲಿಲ್ಲ."

"ಹೊಸದಕ್ಕೆ ಒಂದು ಹೆಸರು ಇಡಬೇಕು. ಹಳ್ಳ ನಿಮ್ಮದು, ಹಿಡಿದ ಕೈ ನಿಮ್ಮದು. ಹೆಸರು ನೀವೇ ಹೇಳಿ."

ಬೊಲುಕಾಳ ಒನಕೆ ನಿಂತಿತು. "ಇಟ್ಟ ಹೆಸರನ್ನ ಆಮೇಲೆ ಯಾರಾದ್ರೂ ಕಿತ್ತುಕೊಳ್ಳಬಹುದಾ?"

"ಯಾರ ಕೈಯಲ್ಲೂ ಆಗಲ್ಲ. ಒಂದ್ಸಲ ಅಚ್ಚಾದರೆ ಲೋಕ ಇರೋವರೆಗೂ ಅದೇ ಹೆಸರು."

ಕುಟ್ಟುತ್ತಿದ್ದ ಸೊಪ್ಪನ್ನು ಹಾಗೇ ಬಿಟ್ಟು ಬೊಲುಕಾ ನೇರ ಎಕಿಲಾಳ ಮನೆಗೆ ಹೋದಳು. ಮಾತು ಸಂಜೆಯವರೆಗೆ ನಡೆಯಿತು. ಎಕಿಲಾ ಮೊದಲು ನಕ್ಕಳು, ಆಮೇಲೆ ಬೈದಳು, ಆಮೇಲೆ ಎದ್ದು ಹಿರಿಯರನ್ನು ಕೇಳಿ ಬಂದಳು.

"ಮೀನು ನೀರಿನ ಪ್ರಾಣಿ, ನೆರೆಗೆ ಹೆದರಲ್ಲ ಅಂದರು. ಕಿಸಂಗಾನಿಯಂಥ ಊರಿಗೆ ಹೋಗುತ್ತೆ, ಹಾವಿಲ್ಲ, ನಿನ್ನ ಅಳಿಯ ಇಲ್ಲ. ಇಡು ಅತ್ತಿಗೆ. ಒಂದು ನೆರೆ ಏರಿ ಇಳೀಲಿ. ಅವಳು ಬದುಕಿದಾಳೆ ಅಂತ ಆ ಹುಡುಗಿ ಬಂದು ನಮ್ಮೆದುರಿಗೆ ಹೇಳಲಿ. ನಮ್ಮ ಯೇನಿ ಹೆಣ್ಣು ಹೆತ್ತರೆ ಆ ಕೂಸಿಗೆ ನಿನ್ನ ಮಗಳ ಹೆಸರು. ನನ್ನ ಬಾಯಿಂದ ಬಂತು, ಮುಗೀತು."

ಯೇನಿ ಎಕಿಲಾಳ ಸೊಸೆ, ಹೊಸದಾಗಿ ಮದುವೆಯಾಗಿ ಬಂದವಳು. ಪಕ್ಕದಲ್ಲೇ ಕೂತು ಕಡಲೆಕಾಯಿ ಸುಲಿಯುತ್ತಿದ್ದವಳು ತಲೆ ತಗ್ಗಿಸಿದಳು.

ಮಾರನೆಯ ದಿನ ಚಿಬೋಲಾ ಬಕೆಟ್ಟುಗಳನ್ನು ತೋರಿಸಿ, ಇವುಗಳಲ್ಲಿ ಒಂದು ಒಳ್ಳೆಯದನ್ನು ನೀವೇ ಆರಿಸಿ, ಹೆಸರು ನಿಲ್ಲುವುದು ಅದರ ಮೇಲೆಯೇ ಅಂದಳು. ಮೊದಲ ಮಳೆ ಆಗಲೇ ಬಿದ್ದಿತ್ತು. ಒಂದು ಹೆಣ್ಣು ಮೀನಿನ ಹೊಟ್ಟೆ ಮೊಟ್ಟೆ ತುಂಬಿ ಉಬ್ಬಿತ್ತು. ಬೊಲುಕಾ ಅದನ್ನೇ ಆರಿಸಿದಳು. ಬೆರಳಿಗೆ ಕೆಂಪು ಮರದ ಪುಡಿ ಹಚ್ಚಿಕೊಂಡು, ಹಸುಗೂಸಿಗೆ ಮಾಡುವ ಹಾಗೆಯೇ, ನೀರಿನೊಳಗೆ ಕೈಯಿಟ್ಟು ಅದರ ಬೆನ್ನಿಗೆ ಸವರಿದಳು.

"ಇಫಾಸೊ," ಅಂದಳು. "ನೀನು ಈ ಸಲ ದಾಟಬೇಕು. ಹೆತ್ತು ಬಾ."

ಪೆಟ್ಟಿಗೆ ಚರ್‍ ಅಂತ ಮಾತಾಡುತ್ತಲೇ ಇತ್ತು. ಹೆಂಗಸರು ಚಪ್ಪಾಳೆ ತಟ್ಟಿದರು. ಚಿಬೋಲಾ ಕಣ್ಣೊರೆಸಿಕೊಂಡು ಫೋಟೋ ತೆಗೆದಳು. ಮಗಳು ಸತ್ತ ಕಥೆ ಅವಳಿಗೆ ಗೊತ್ತಿತ್ತು. ಸತ್ತ ಮಗಳ ನೆನಪಿಗೆ ಹೆಸರು ಇಡುತ್ತಿದ್ದಾಳೆ ಪಾಪ, ಅಂದುಕೊಂಡಳು. ನಾಯಿಯ ವಿಷಯ, ನೆರೆಯ ವಿಷಯ, ಯೇನಿಯ ವಿಷಯ ಅವಳಿಗೆ ಯಾರೂ ಹೇಳಲಿಲ್ಲ. ಊರಿಗೆಲ್ಲ ಗೊತ್ತಿರುವುದನ್ನು ಬಾಯಿಬಿಟ್ಟು ಯಾರು ಹೇಳುತ್ತಾರೆ? ಹಾಗೆಯೇ ಅವಳೂ ಒಂದನ್ನು ಹೇಳಲಿಲ್ಲ. ದಿನವೂ ಬುಟ್ಟಿಗಟ್ಟಲೆ ಮೀನು ಕೊಲ್ಲುವ ಹೆಂಗಸರಿಗೆ ಒಂದು ಮೀನಿನ ಬಗ್ಗೆ ಏನು ಹೇಳುವುದು ಅಂದುಕೊಂಡಿರಬೇಕು. ಸಂಜೆ ಬಕೆಟ್ಟು ಎತ್ತಿಕೊಂಡು ಮನೆಯ ಹಿಂದಕ್ಕೆ ಹೋದಳು. ಬೆಳಗ್ಗೆ ಡಬ್ಬಿ, ಡ್ರಮ್ಮು, ಚೀಲಗಳೆಲ್ಲ ದೋಣಿಗೆ ಏರಿದವು. ಬೊಲುಕಾ ದಡದಲ್ಲಿ ನಿಂತು ದೋಣಿಯವನಿಗೆ, "ಡ್ರಮ್ಮನ್ನ ಬಿಸಿಲಿಗೆ ಇಡಬೇಡ್ವೋ, ಒಳಗೆ ಬಸುರಿ ಇದಾಳೆ," ಅಂತ ಕೂಗಿ ಹೇಳಿದಳು. ಎಂಜಿನ್ನಿನ ಸದ್ದಿನಲ್ಲಿ ಚಿಬೋಲಾಳಿಗೆ ಅದು ಕೇಳಿಸಲಿಲ್ಲ.

ಆ ವರ್ಷದ ನೆರೆ ದೊಡ್ಡದು, ಅಡುಗೆಮನೆಯ ಕಟ್ಟೆಯವರೆಗೆ ನೀರು ಬಂತು. ಎಲ್ಲರೂ ಶಾಪ ಹಾಕುತ್ತಿದ್ದರೆ ಬೊಲುಕಾ ನೀರನ್ನು ನೋಡಿ ಏರು, ಏರು, ಬೇಗ ಏರಿ ಬೇಗ ಇಳಿ ಅನ್ನುತ್ತಿದ್ದಳು. ಸೊಂಡಿಲು ಮೀನು ತಿನ್ನುವುದನ್ನು ಬಿಟ್ಟಳು. ಹೆಸರಿನ ಬಂಧುವನ್ನು ಯಾರಾದರೂ ತಿನ್ನುತ್ತಾರಾ? ತನ್ನ ಪಾಲಿಗೆ ಬಂದದ್ದನ್ನು ಪಕ್ಕದವಳ ಬುಟ್ಟಿಗೆ ಹಾಕುತ್ತಿದ್ದಳು. ಕಿಸಂಗಾನಿ ಕಡೆಯಿಂದ ಯಾರು ಬಂದರೂ ಅಲ್ಲಿ ಮಳೆ ಹೇಗಿದೆ, ಸೆಕೆ ಹೇಗಿದೆ ಅಂತ ವಿಚಾರಿಸುತ್ತಿದ್ದಳು. ಅವಳ ಬೈಗುಳಕ್ಕೆ ಹಳೆಯ ರುಚಿ ಮರಳಿತು. ಯೇನಿಯ ಹೊಟ್ಟೆ ಕಾಣಿಸತೊಡಗಿದ ಮೇಲಂತೂ ಅವಳನ್ನು ಹಿಡಿಯುವವರೇ ಇಲ್ಲ. ಸಂತೆಗೆ ಹೋಗಿ ನೀಲಿ ಹೂವಿನ ಬಟ್ಟೆ ತಂದು, ಮಗುವನ್ನು ಬೆನ್ನಿಗೆ ಕಟ್ಟಿಕೊಳ್ಳುವುದಕ್ಕೆ ಅಂತ ಅಂಚು ಹೊಲಿದಿಟ್ಟಳು.

"ಗಂಡಾದರೆ ಏನು ಮಾಡ್ತೀಯ ಅತ್ತಿಗೆ, ಆ ಬಟ್ಟೇಲಿ ನಿನ್ನ ಮೂತಿ ಮುಚ್ಕೋತೀಯಾ?" ಅಂತ ಎಕಿಲಾ ಕೆಣಕಿದಳು.

"ಗಂಡಾದರೆ ನಿನ್ನ ಬಾಯಿ ಕಟ್ಟೋಕೆ ಆಗುತ್ತೆ," ಅಂದಳು ಬೊಲುಕಾ.

ನೀರಿಳಿಯಿತು. ಯೇನಿ ಹೆಣ್ಣು ಹೆತ್ತಳು, ತಾಯಿ ಮಗು ಇಬ್ಬರೂ ಚೆನ್ನಾಗಿದ್ದರು. ಮಗುವಿಗೆ ಹೆಸರಿಡದೆ ಕಾದರು. ಚಿಬೋಲಾ ಬರುತ್ತಾಳೆ ಅಂತ ಬೊಯೆಂಡೆಯಿಂದ ಸುದ್ದಿ ಬಂದಿತ್ತು.

ಅವಳು ಬಂದ ದಿನ ಎಕಿಲಾಳ ಅಂಗಳದಲ್ಲಿ ಊರೇ ಸೇರಿತ್ತು. ಚಿಬೋಲಾ ಒಬ್ಬೊಬ್ಬರನ್ನೂ ತಬ್ಬಿಕೊಂಡಳು, ಮಗುವನ್ನು ಎತ್ತಿಕೊಂಡಳು. ತನ್ನ ಮೀನಿಗೆ ಇಷ್ಟು ಜನ ಸೇರಿದ್ದಾರೆ ಅಂತ ಅವಳ ಮುಖ ಅರಳಿತ್ತು. ಎಕಿಲಾ ಸುತ್ತಿ ಬಳಸಿ ಮಾತಾಡುವವಳಲ್ಲ.

"ನಮ್ಮ ಇಫಾಸೊ ಹೇಗಿದಾಳೆ?"

"ಹೋ, ಚೆನ್ನಾಗಿದಾಳೆ. ಈಗ ಲೋಕಕ್ಕೆಲ್ಲ ಗೊತ್ತು ಅವಳ ಹೆಸರು," ಅಂತ ಚಿಬೋಲಾ ನಕ್ಕಳು.

ಹೆಂಗಸರು ಒಂದೇ ಸಲ ಕೇಕೆ ಹಾಕಿದರು. ಬೊಲುಕಾ ನೀಲಿ ಬಟ್ಟೆಯನ್ನು ಕಂಕುಳಿಂದ ತೆಗೆದು ಯೇನಿಯ ಕಡೆ ಹೆಜ್ಜೆ ಇಟ್ಟಳು. ಅಷ್ಟರಲ್ಲಿ ಚಿಬೋಲಾ ದೊಡ್ಡ ಚಿತ್ರವೊಂದನ್ನು ಬಿಡಿಸಿ ಎಲ್ಲರಿಗೂ ಕಾಣುವ ಹಾಗೆ ಹಿಡಿದಳು. ಬಿಳಿ ಹಿನ್ನೆಲೆಯ ಮೇಲೆ ಮೀನು ಪಕ್ಕಕ್ಕೆ ಮಲಗಿತ್ತು, ರೆಕ್ಕೆಗಳು ಬಿಚ್ಚಿಕೊಂಡಿದ್ದವು, ಕಣ್ಣು ಬೆಳ್ಳಗಾಗಿತ್ತು. ಜೀವನವಿಡೀ ಮೀನು ಕಂಡವರಿಗೆ ಸತ್ತ ಮೀನಿನ ಕಣ್ಣು ಯಾರೂ ತೋರಿಸಿಕೊಡಬೇಕಾಗಿಲ್ಲ.

ಎಕಿಲಾ ಕೈ ಅಡ್ಡ ಹಿಡಿದು ಬೊಲುಕಾಳನ್ನು ನಿಲ್ಲಿಸಿದಳು. "ಡಾಕ್ಟ್ರೇ, ಇವಳು ಈಗ ಎಲ್ಲಿದಾಳೆ?"

"ಹೊರದೇಶದ ಒಂದು ಸಂಗ್ರಹಾಲಯದಲ್ಲಿ. ಮದ್ದಿನ ನೀರು ತುಂಬಿದ ಬಾಟಲಿಯಲ್ಲಿ ಇಟ್ಟಿದಾರೆ. ನೂರಾರು ವರ್ಷ ಕೆಡಲ್ಲ."

"ಸತ್ತದ್ದು ಯಾವಾಗ?"

ಪ್ರಶ್ನೆಯ ದನಿಯಿಂದಲೇ ಚಿಬೋಲಾಳ ಮುಖ ಬಿಗಿಯಿತು. ಆದರೂ ಸುಳ್ಳು ಹೇಳಲಿಲ್ಲ. "ಅವತ್ತೇ ಸಂಜೆ. ಲವಂಗದ ಎಣ್ಣೆ ಹಾಕಿದ ನೀರಲ್ಲಿ ಮಲಗಿಸಿದೆ, ನೋವಾಗಲಿಲ್ಲ. ಹಾಗೇ ಮಾಡಬೇಕು. ಯಾವ ಮೀನಿನ ಸದ್ದು ಹಿಡಿದೆವೋ ಅದೇ ಮೀನಿನ ಮೈಯನ್ನೂ ಇಡಬೇಕು. ಇಲ್ಲದಿದ್ದರೆ ಹೊಸ ಜಾತಿ ಅಂತ ಯಾರೂ ಒಪ್ಪಲ್ಲ."

"ಇಲ್ಲೇ? ನಮ್ಮ ಮನೆ ಹಿಂದೆ?" ಅಂದಳು ಬೊಲುಕಾ. ಅವಳು ಬಾಯಿಬಿಟ್ಟದ್ದು ಆಗಲೇ. "ಮೊಟ್ಟೆ?"

"ಒಳಗೇ ಇವೆ ಅಮ್ಮಾ. ತೆಗೆದಿಲ್ಲ."

ಮುದುಕಿಯೊಬ್ಬಳು ಎದ್ದು, ಚಾಪೆ ಮಡಚಿಕೊಂಡು ಹೋದಳು. ಪಕ್ಕದವಳು ಚಿಬೋಲಾಳ ಕಿವಿಯಲ್ಲಿ ಎಲ್ಲ ಹೇಳಿದಳು, ನಾಯಿಯಿಂದ ಹಿಡಿದು ಯೇನಿಯ ಕೂಸಿನವರೆಗೆ. ನೆರೆಗೆ ಮೊದಲೇ ಹೇಳಬೇಕಾಗಿದ್ದದ್ದನ್ನು ಈಗ ಹೇಳಿದರು. ಚಿಬೋಲಾ ಚಿತ್ರವನ್ನು ಕೆಳಗಿಟ್ಟು ಎಕಿಲಾಳ ಕೈ ಹಿಡಿದುಕೊಂಡಳು.

"ಅಮ್ಮಾ, ಹಳ್ಳದಲ್ಲಿ ಆ ಜಾತಿಯವು ಸಾವಿರಾರು ಇವೆ. ಎಲ್ಲವೂ ಬದುಕಿವೆ. ಎಲ್ಲದರ ಹೆಸರೂ ಇಫಾಸೊನೇ."

"ಹೆಸರು ನಿಲ್ಲೋದು ಒಂದರ ಮೇಲೆ ಅಂತ ಅವತ್ತು ನೀನೇ ಹೇಳಿದೆ. ಯಾವುದರ ಮೇಲೆ ನಿಂತಿದೆ, ಹೇಳು," ಅಂದಳು ಎಕಿಲಾ.

ಪಾಪ, ಅವಳ ವಿದ್ಯೆಯೇ ಅವಳ ಬಾಯಿ ಕಟ್ಟಿತು. ಅವಳ ಶಾಸ್ತ್ರದಲ್ಲೂ ಹೆಸರು ಹೊರುವುದು ಆರಿಸಿ ಇಟ್ಟ ಆ ಒಂದೇ ಮೀನು, ಉಳಿದವೆಲ್ಲ ಅದಕ್ಕೆ ಹೋಲುತ್ತವೆ ಅಂತ ಆ ಹೆಸರಿನಿಂದ ಕರೆಸಿಕೊಳ್ಳುವಂಥವು. ಬೊಕೆಲಾದ ಹಿರಿಯರ ಶಾಸ್ತ್ರವೂ ಅದೇ. ಇಷ್ಟು ದೂರದ ಎರಡು ಕಡೆಯವರು ಒಂದು ಮಾತಿಗೆ ಹೀಗೆ ಒಪ್ಪಿದ್ದು ನಾನಂತೂ ಬೇರೆಲ್ಲೂ ಕಂಡಿಲ್ಲ.

"ಬಾಟಲಿಯಲ್ಲಿರೋದರ ಮೇಲೆ," ಅಂದಳು ಚಿಬೋಲಾ.

"ಹಾಗಾದರೆ ಆಗಲ್ಲ ಅತ್ತಿಗೆ," ಅಂದಳು ಎಕಿಲಾ ಬೊಲುಕಾಳ ಕಡೆ ತಿರುಗಿ. ಅವಳ ದನಿಯಲ್ಲಿ ಆವತ್ತು ಚೂರಿ ಇರಲಿಲ್ಲ. "ನೀನು ಎಷ್ಟು ಬೇಕಾದ್ರೂ ಬೈ, ಬೇಕಾದ್ರೆ ಹೊಡಿ. ಇದು ನನ್ನ ಮೊಮ್ಮಗಳು. ನಿನ್ನ ಮಗಳ ಜೊತೆ ದೋಣಿಯಲ್ಲಿ ನಾನೂ ಇದ್ದೆ. ಇನ್ನೊಂದ್ಸಲ ಆ ದೋಣಿ ಹತ್ತೋಕೆ ನನ್ನ ಕೈಲಿ ಆಗಲ್ಲ."

ಬೊಲುಕಾ ಬೈಯಲಿಲ್ಲ. ಅವಳು ಬೈದಿದ್ದರೆ ಎಲ್ಲರಿಗೂ ಉಸಿರು ಬರುತ್ತಿತ್ತು. ನೀಲಿ ಬಟ್ಟೆಯನ್ನು ಯೇನಿಯ ಮಡಿಲಿಗಿಟ್ಟು, "ಕೂಸಿಗೆ ಶೀತ ಆಗದ ಹಾಗೆ ಕಟ್ಟು," ಅಂತಷ್ಟೇ ಹೇಳಿ ಹೊರಟಳು. ಮಗುವಿಗೆ ಆ ಸಂಜೆಯೇ ಯೇನಿಯ ತೀರಿಹೋದ ತಾಯಿಯ ಹೆಸರಿಟ್ಟರು, ಬೊಂಬೊಲೊ ಅಂತ.

ಚಿಬೋಲಾ ಹಿಂದೆಯೇ ಬಂದಳು. ಬೊಲುಕಾ ಒಲೆಯ ಮುಂದೆ ಕೂತಿದ್ದಳು. ಬೆಳಗ್ಗೆ ಹಳ್ಳದಿಂದ ತಂದಿದ್ದ ಬುಟ್ಟಿಯಿಂದ, ಪಕ್ಕದವರಿಗೆ ಅಂತ ಬೇರೆ ಎತ್ತಿಟ್ಟಿದ್ದ ಸೊಂಡಿಲು ಮೀನುಗಳನ್ನು ತೆಗೆದು ಎಲೆಗೆ ಸುತ್ತುತ್ತಿದ್ದಳು. ಉಪ್ಪು, ಮೆಣಸಿನಕಾಯಿ, ಮೇಲೊಂದು ಎಲೆ, ಬಳ್ಳಿಯ ಗಂಟು.

"ಆ ಹೆಸರು ತೆಗೆದುಬಿಡೋಕೆ ಆಗಲ್ವಾ?" ಅಂತ ಕೇಳಿದಳು. "ಬೇರೆ ಯಾವುದಾದ್ರೂ ಇಡು. ನಿನ್ನ ಹೆಸರೇ ಇಟ್ಟುಕೋ."

"ಆಗಲ್ಲಮ್ಮ. ನಾನೇ ಬೇಡಿಕೊಂಡರೂ ಆಗಲ್ಲ. ಅಚ್ಚಾದ ಮೇಲೆ ಅದನ್ನ ಯಾರೂ ಅಳಿಸೋ ಹಾಗಿಲ್ಲ." ಚಿಬೋಲಾ ನೆಲಕ್ಕೆ ಕುಸಿದು ಕೂತಳು, ಅಳುತ್ತಿದ್ದಳು. "ನನಗೆ ಗೊತ್ತಿರಲಿಲ್ಲ. ಒಳ್ಳೇದು ಮಾಡ್ತಿದೀನಿ ಅಂದುಕೊಂಡೆ. ನಿಮ್ಮ ಮಗಳ ಹೆಸರು ಲೋಕ ಇರೋವರೆಗೂ ಇರಲಿ ಅಂತ."

ಬೊಲುಕಾ ಎಲೆಯ ಪೊಟ್ಟಣವನ್ನು ಕೆಂಡದ ಮೇಲಿಟ್ಟು ಬೂದಿ ಎಳೆದಳು. ಎಕಿಲಾಳ ಅಂಗಳದಿಂದ ಹೆಂಗಸರು ಹೊಸ ಹೆಸರನ್ನು ಕೂಗಿ ಕೂಗಿ ಕೂಸಿಗೆ ಕೇಳಿಸುತ್ತಿದ್ದರು.

"ಲೋಕ ಇರೋವರೆಗೂ ಯಾರು ಕೇಳಿದ್ರು ಮಗಳೇ," ಅಂದಳು. "ಆ ಕೂಸಿನ ಮೇಲೆ, ಅದು ಮುದುಕಿ ಆಗೋವರೆಗೆ ಇದ್ದಿದ್ರೆ ಸಾಕಿತ್ತು. ಸರಿ, ಕೈ ತೊಳಕೋ. ಒಂದು ಪೊಟ್ಟಣ ನಿನಗೂ ಇಟ್ಟಿದೀನಿ."